ಮಲೇರಿಯಾ ಕಣ ಸಕ್ಕರೆಗೆ ಅಂಟುವುದನ್ನು ಹರಿವಿನಲ್ಲಿ ನೋಡಲು ಕಟ್ಟಿದ ಫ್ಲೋ ಚೇಂಬರ್

ಬೇಕಾಗಿದ್ದದ್ದು ಅಂಗೈಯಗಲದ ಒಂದು ಪಾರದರ್ಶಕ ಪೆಟ್ಟಿಗೆ. ಅದರ ತಳಕ್ಕೆ ಒಂದೇ ಬಗೆಯ ಸಕ್ಕರೆಯ ಲೇಪ ಇರಬೇಕು. ಅದರ ಮೇಲೆ ಮಲೇರಿಯಾ ತಗುಲಿದ ಕೆಂಪು ರಕ್ತಕಣಗಳನ್ನು ಹರಿಸಬೇಕು, ಹರಿವಿನ ಎಳೆತ ಎಷ್ಟಿದೆ ಎಂದು ಲೆಕ್ಕದಲ್ಲಿ ಗೊತ್ತಿರಬೇಕು, ಯಾವ ಕಣ ನಿಂತಿತು ಯಾವುದು ಕೊಚ್ಚಿಹೋಯಿತು ಎಂದು ಮೈಕ್ರೋಸ್ಕೋಪಿನಲ್ಲಿ ಎಣಿಸಲು ಬರಬೇಕು. ಇಂಥ ಚೇಂಬರ್‌ಗಳು ರೆಡಿಮೇಡ್ ಸಿಗುತ್ತವೆ. ಆದರೆ ಪಂಪ್ ಸಮೇತ ತರಿಸಿದರೆ ಸಣ್ಣ ಲ್ಯಾಬಿಗೆ ಕೈಗೆಟುಕುವ ಬೆಲೆಯಲ್ಲ. ಆದ್ದರಿಂದ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಅಕ್ರಿಲಿಕ್ ಕತ್ತರಿಸುವ ಅಂಗಡಿಯಲ್ಲಿ ಮತ್ತು ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನಿನಿಂದಲೇ ಕಟ್ಟಿದೆವು. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ ಎಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಲ್ಯಾಬಿನಲ್ಲಿ ನನ್ನ ಕೆಲಸ ಉಪಕರಣಗಳದ್ದು. ಪರಾವಲಂಬಿಗಳನ್ನು ಬೆಳೆಸುವುದು, ಕಣಗಳನ್ನು ಸಿದ್ಧಪಡಿಸುವುದು ಮೇಡಂ ಮತ್ತು ಅವರ ವಿದ್ಯಾರ್ಥಿಗಳು. ಅವರ ಕೈಯಲ್ಲಿದ್ದ ಹಳೆಯ ವಿಧಾನ ಪೆಟ್ರಿ ಡಿಶ್‌ನದ್ದು: ಪ್ಲಾಸ್ಟಿಕ್ಕಿನ ಮೇಲೆ ಸಕ್ಕರೆ ದ್ರಾವಣದ ಚುಕ್ಕೆ ಇಟ್ಟು ರಾತ್ರಿಯಿಡೀ ಫ್ರಿಜ್ಜಿನಲ್ಲಿಡುವುದು, ಖಾಲಿ ಜಾಗವನ್ನು ಆಲ್ಬುಮಿನ್‌ನಿಂದ ಮುಚ್ಚುವುದು, ಕಣ ಸುರಿದು ಸ್ವಲ್ಪ ಹೊತ್ತು ಬಿಡುವುದು, ತೊಳೆಯುವುದು, ಗೀಮ್ಸಾ ಬಣ್ಣ ಹಾಕಿ ಎಣಿಸುವುದು. ಇದರಲ್ಲಿ ತೊಂದರೆ ಇರುವುದು ತೊಳೆಯುವ ಹಂತದಲ್ಲಿ. ಡಿಶ್ಶನ್ನು ಒಬ್ಬರು ಮೆಲ್ಲಗೆ ಓರೆ ಮಾಡುತ್ತಾರೆ, ಇನ್ನೊಬ್ಬರು ಪಿಪೆಟ್ಟಿನಿಂದ ಜೋರಾಗಿ ಬಿಡುತ್ತಾರೆ. ಉಳಿದ ಕಣಗಳ ಸಂಖ್ಯೆ ಸಕ್ಕರೆಯ ಹಿಡಿತದಷ್ಟೇ ತೊಳೆದವರ ಕೈಯನ್ನೂ ಹೇಳುತ್ತದೆ. “ಅಂಟುತ್ತದೋ ಇಲ್ಲವೋ ಅನ್ನೋದು ಗೊತ್ತಾಗತ್ತೆ, ಎಷ್ಟು ಗಟ್ಟಿ ಅನ್ನೋದು ಗೊತ್ತಾಗಲ್ಲ. ನನಗೆ ಬೇಕಿರೋದು ಅದೇ” ಎಂದು ಮೇಡಂ ಹೇಳಿದ ಮೇಲೆ ಕೆಲಸ ಶುರುವಾಯಿತು.

ಎಷ್ಟು ಗಟ್ಟಿ ಎಂಬುದು ಯಾಕೆ ಅಷ್ಟು ಮುಖ್ಯ ಎಂದು ನನಗೂ ತಿಳಿದುಕೊಳ್ಳಬೇಕಿತ್ತು. ಮಲೇರಿಯಾ ತರುವ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಕೆಂಪು ರಕ್ತಕಣದೊಳಗೆ 48 ಗಂಟೆಯ ಸುತ್ತು ಮುಗಿಸುತ್ತದೆ. ಆ ಸುತ್ತಿನ ಮೊದಲ ಭಾಗದಲ್ಲಿ ಕಣ ಎಲ್ಲ ಕಡೆ ಓಡಾಡಿಕೊಂಡಿರುತ್ತದೆ. ಆಮೇಲೆ ಕಣದ ಮೈಮೇಲೆ ಸಣ್ಣ ಗುಬುಟುಗಳು ಏಳುತ್ತವೆ, ಆ ಗುಬುಟುಗಳ ಮೇಲೆ ಪರಾವಲಂಬಿ ತನ್ನದೇ ಒಂದು ಪ್ರೋಟೀನನ್ನು ಹೊರಚಾಚುತ್ತದೆ. ಅದು ಪಿಎಫ್‌ಇಎಂಪಿ-1. ಅದನ್ನು ಬರೆಯುವ ವಾರ್ ಜೀನುಗಳು ಒಂದೊಂದು ಪರಾವಲಂಬಿಯಲ್ಲೂ ಸುಮಾರು 60 ಇವೆ, ಒಂದು ಹೊತ್ತಿಗೆ ಬಳಕೆಯಾಗುವುದು ಸಾಮಾನ್ಯವಾಗಿ ಒಂದೇ. ಈ ಪ್ರೋಟೀನಿನಿಂದ ಕಣ ಸಣ್ಣ ರಕ್ತನಾಳಗಳ ಗೋಡೆಗೆ ಕಚ್ಚಿಕೊಳ್ಳುತ್ತದೆ, ಗುಲ್ಮಕ್ಕೆ ಹೋಗಿ ಸೋಸಿಹೋಗುವುದರಿಂದ ತಪ್ಪಿಸಿಕೊಳ್ಳುತ್ತದೆ.

ಗರ್ಭಿಣಿಯಲ್ಲಿ ಕಚ್ಚಿಕೊಳ್ಳಲು ಹೊಸದೊಂದು ಜಾಗ ಹುಟ್ಟುತ್ತದೆ. ಮಾಸು, ಅಂದರೆ ಪ್ಲಾಸೆಂಟಾ. ಅಲ್ಲಿ ತಾಯಿಯ ರಕ್ತ ನಾಳದಿಂದ ಹೊರಬಂದು ಮಾಸಿನ ಕವಲುಗಳನ್ನು ನೇರವಾಗಿ ತೋಯಿಸುತ್ತಾ ನಿಧಾನವಾಗಿ ಹರಿಯುತ್ತದೆ. ಆ ಜಾಗದಲ್ಲಿ ಕಾಂಡ್ರಾಯ್ಟಿನ್ ಸಲ್ಫೇಟ್-ಎ (ಚಿಕ್ಕದಾಗಿ ಸಿಎಸ್‌ಎ) ಎಂಬ ಉದ್ದ ಸಕ್ಕರೆ ಸರಪಳಿ ಇರುತ್ತದೆ. ಮಲೇರಿಯಾ ಕಣ ಈ ಸಕ್ಕರೆಗೆ ಅಂಟಬಲ್ಲದು ಎಂದು ಮೆಲ್ಬರ್ನ್‌ನಿಂದ ರೋಜರ್ಸನ್ ಮತ್ತು ಸಂಗಡಿಗರು 1995ರಲ್ಲಿ ವರದಿ ಮಾಡಿದರು. ಮರುವರ್ಷ ಮಿಖಾಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ ಕೀನ್ಯಾದ ಕಿಸುಮುವಿನಲ್ಲಿ ಹೆರಿಗೆಯಾದ ತಾಯಂದಿರ ಮಾಸುಗಳಿಂದಲೇ ಕಣಗಳನ್ನು ತೆಗೆದು ನೋಡಿದರು. ಅವು ಅಂಟಿದ್ದು ಇದೇ ಸಕ್ಕರೆಗೆ. ಹಿಡಿಯುವ ಪ್ರೋಟೀನು ಯಾವುದು ಎಂಬುದರ ಸುಳಿವು 2003ರಲ್ಲಿ ಸಿಕ್ಕಿತು: ಕೋಪನ್‌ಹೇಗನ್‌ನಲ್ಲಿ ಅಲಿ ಸಲಾಂತಿ ಮತ್ತು ಸಂಗಡಿಗರು ಗುರುತಿಸಿದ ವಾರ್2ಸಿಎಸ್‌ಎ.

ಮಲೇರಿಯಾ ನಡುವೆಯೇ ಬೆಳೆದ ಹೆಂಗಸಿಗೆ ಬೇರೆ ವಾರ್ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ಎಷ್ಟೇ ಇರಲಿ, ವಾರ್2ಸಿಎಸ್‌ಎ ವಿರುದ್ಧ ಇರುವುದು ಕಡಿಮೆ; ಮಾಸು ಇಲ್ಲದ ಮೈಯಲ್ಲಿ ಅದಕ್ಕೆ ಕೆಲಸವಿಲ್ಲ. ಹೀಗಾಗಿ ಮೊದಲ ಬಸಿರಿನವರಿಗೇ ಹೊಡೆತ ಹೆಚ್ಚು. ತಾಯಿಗೆ ರಕ್ತಹೀನತೆ, ಮಗುವಿಗೆ ಕಡಿಮೆ ತೂಕ. ಬೆರಳಿನ ರಕ್ತದ ಸ್ಮಿಯರ್‌ನಲ್ಲಿ ಏನೂ ಕಾಣದೆ ಮಾಸಿನಲ್ಲಿ ಕಣಗಳು ತುಂಬಿಕೊಂಡಿರುವುದೂ ಉಂಟು. ಪದೇ ಪದೇ ಬಸಿರಾದವರಲ್ಲಿ ಈ ಅಂಟನ್ನು ತಡೆಯುವ ಪ್ರತಿಕಾಯಗಳು ಬೆಳೆಯುತ್ತವೆ. ಅವನ್ನೇ ಲಸಿಕೆ ಕೊಟ್ಟು ಮೊದಲೇ ಬೆಳೆಸಬಹುದೇ ಎಂದು ನೋಡಲು ಪ್ಯಾಮ್‌ವ್ಯಾಕ್, ಪ್ರಿಮ್‌ವ್ಯಾಕ್ ಎಂಬ ಎರಡು ಲಸಿಕೆಗಳು ಮೊದಲ ಹಂತದ ಮಾನವ ಪ್ರಯೋಗ ದಾಟಿವೆ. ಇಂಥ ಪ್ರತಿಕಾಯ ಹರಿಯುವ ರಕ್ತದಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದು ಕೇಳುವವರಿಗೆ ನಿಂತ ನೀರಿನ ಡಿಶ್ ಸಾಲದು.

ಪೆಟ್ಟಿಗೆ

ಮೂರು ಪದರ. ತಳಕ್ಕೆ ಪಾಲಿಸ್ಟೈರೀನ್ ಹಾಳೆ. ದೊಡ್ಡ ಪೆಟ್ರಿ ಡಿಶ್‌ನ ತಳವನ್ನೇ ಕತ್ತರಿಸಿದ್ದು, ಪ್ರೋಟೀನು ಚೆನ್ನಾಗಿ ಹಿಡಿಯುವುದರಿಂದ. ಮಧ್ಯೆ ಡಬಲ್ ಸೈಡ್ ಟೇಪು, ಅದರಲ್ಲಿ 5 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಉದ್ದದ ಸೀಳು. ಈ ಸೀಳೇ ಕಾಲುವೆ. ಮೇಲೆ 3 ಮಿಲಿಮೀಟರ್ ಅಕ್ರಿಲಿಕ್, ಎರಡು ತುದಿಗೆ ಎರಡು ತೂತು, ಅವುಗಳಿಗೆ ಡ್ರಿಪ್ ಸೆಟ್ಟಿನ ನಳಿಕೆ. ಮೈಕ್ರೋಸ್ಕೋಪು ಕೆಳಗಿನಿಂದ ನೋಡುವ ಜಾತಿಯದಾದ್ದರಿಂದ ತಳ ತೆಳ್ಳಗಿದ್ದರೆ ಸಾಕು.

ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್‌ಗೆ ಸ್ಪಿರಿಟ್ ತಾಗಿಸಬೇಡಿ. ಕತ್ತರಿಸಿದ ಅಂಚಿನಲ್ಲಿ ಒಳಗೊಳಗೇ ಬಿಗಿತ ಉಳಿದಿರುತ್ತದೆ. ಎಥನಾಲ್‌ನಲ್ಲಿ ಒರೆಸಿದ ಸ್ವಲ್ಪ ಹೊತ್ತಿಗೇ ತೂತಿನ ಸುತ್ತ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ಅಲ್ಲಿಂದ ಸೋರಿಕೆ. ರಕ್ತದ ಕೆಲಸ ಮಾಡುವವರ ಕೈ ಅಭ್ಯಾಸಬಲದಿಂದ ಸ್ಪಿರಿಟ್ ಬಾಟಲಿಗೇ ಹೋಗುವುದರಿಂದ ಪೆಟ್ಟಿಗೆಯ ಮೇಲೆಯೇ ಬರೆದು ಅಂಟಿಸಿದ್ದೇವೆ. ಸೋಪುನೀರು ಮತ್ತು ತೆಳು ಬ್ಲೀಚಿನಲ್ಲಿ ತೊಳೆದರೆ ಏನೂ ಆಗುವುದಿಲ್ಲ.

ಇನ್ನು ಎತ್ತರ. ತಳದ ಮೇಲೆ ಬೀಳುವ ಎಳೆತದ ಸೂತ್ರ ಸರಳ: ದ್ರವದ ಜಿಗುಟುತನ (ವಿಸ್ಕಾಸಿಟಿ) ಗುಣಿಸು ಹರಿವಿನ ಪ್ರಮಾಣ ಗುಣಿಸು 6, ಅದನ್ನು ಅಗಲದಿಂದ ಮತ್ತು ಎತ್ತರದ ವರ್ಗದಿಂದ ಭಾಗಿಸು. ಎತ್ತರ ವರ್ಗದಲ್ಲಿ ಬರುತ್ತದೆ, ಎಲ್ಲ ತಾಪತ್ರಯ ಅಲ್ಲೇ. ಟೇಪಿನ ರೋಲಿನ ಮೇಲೆ 0.2 ಮಿಲಿಮೀಟರ್ ಎಂದಿತ್ತು. ಆದರೆ ಟೇಪು ಒತ್ತಿದರೆ ಕುಗ್ಗುತ್ತದೆ. ಕ್ಯಾಲಿಪರ್‌ನಿಂದ ಜೋಡಿಸಿದ ಮೇಲಿನ ಅಳತೆ ಸಿಗುವುದಿಲ್ಲ. ಹಾಗಾಗಿ ತಳದ ಒಳಮೈಗೆ ಒಂದು ಗೀರು, ಮುಚ್ಚಳದ ಒಳಮೈಗೆ ಒಂದು ಗೀರು ಎಳೆದು, ನೀರು ತುಂಬಿ, ಒಂದರಿಂದ ಇನ್ನೊಂದಕ್ಕೆ ಫೋಕಸ್ ಮಾಡಿ ಗುಂಡಿಯ ಮೇಲಿನ ಅಂತರ ಓದಿದೆವು: 137 ಮೈಕ್ರಾನ್. ನೀರಿನಲ್ಲಿ ಆಳ ಕಡಿಮೆ ಕಾಣುವುದರಿಂದ ಅದನ್ನು 1.33ರಿಂದ ಗುಣಿಸಬೇಕು. ಬಂದದ್ದು 182 ಮೈಕ್ರಾನ್. ರೋಲಿನ ಅಳತೆಯನ್ನೇ ನಂಬಿದ್ದರೆ ಎಳೆತದ ಲೆಕ್ಕ ಶೇ 20ರಷ್ಟು ತಪ್ಪುತ್ತಿತ್ತು. ಈಗ ಪ್ರತಿ ಪೆಟ್ಟಿಗೆಯನ್ನೂ ಜೋಡಿಸಿದ ಮೇಲೆ ಅಳೆದು, ಅದರ ಎತ್ತರವನ್ನು ಅದರ ಮೇಲೇ ಬರೆಯುತ್ತೇವೆ.

ಮಾಸಿನ ನಿಧಾನ ಹರಿವಿಗೆ ಹೊಂದುವಂತೆ ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಎಳೆತ 0.05 ಪ್ಯಾಸ್ಕಲ್ ಆಸುಪಾಸಿನದು. 37 ಡಿಗ್ರಿಯಲ್ಲಿ ನಮ್ಮ ದ್ರವದ ಜಿಗುಟುತನವನ್ನು 0.7 ಮಿಲಿಪ್ಯಾಸ್ಕಲ್-ಸೆಕೆಂಡ್ ಎಂದು ಹಿಡಿದರೆ ಹರಿವು ನಿಮಿಷಕ್ಕೆ ಸುಮಾರು 0.12 ಮಿಲಿಲೀಟರ್ ಇರಬೇಕು. ಎರಡು ಮೂರು ಹನಿ ಅಷ್ಟೇ. ಇಷ್ಟು ಸಣ್ಣ ಹರಿವನ್ನು ಒಂದೇ ಸಮ ಕೊಡುವ ಪಂಪ್ ಬೇಕು.

ಪಂಪ್

3ಡಿ ಪ್ರಿಂಟರ್‌ನ ಸ್ಟೆಪ್ಪರ್ ಮೋಟರ್, ಡ್ರೈವರ್ ಬೋರ್ಡ್, ಮೋಟರನ್ನು ನಡೆಸಲು ಆರ್ಡುಯಿನೊ ಎಂಬ ಸಣ್ಣ ಕಂಪ್ಯೂಟರ್ ಬೋರ್ಡು, 10 ಮಿಲಿಲೀಟರ್ ಸಿರಿಂಜ್. ಸಿರಿಂಜಿನ ಒಳವ್ಯಾಸ ಅಳೆದಾಗ 15 ಮಿಲಿಮೀಟರ್. ಪ್ರಿಂಟರ್‌ಗಳಲ್ಲಿ ಬರುವ ಲೀಡ್ ಸ್ಕ್ರೂ, ಅಂದರೆ ಮೋಟರಿನ ಸುತ್ತನ್ನು ನೇರ ಚಲನೆಯಾಗಿಸುವ ಉದ್ದ ತಿರುಪು, ಒಂದು ಸುತ್ತಿಗೆ 8 ಮಿಲಿಮೀಟರ್ ಸಾಗುತ್ತದೆ. ಮೋಟರ್ 16 ಭಾಗದ ಮೈಕ್ರೋಸ್ಟೆಪ್ಪಿಂಗ್‌ನಲ್ಲಿ ಒಂದು ಸುತ್ತಿಗೆ 3200 ಹೆಜ್ಜೆ ಹಾಕುತ್ತದೆ. ಈ ಜೋಡಣೆಯಲ್ಲಿ ನಮಗೆ ಬೇಕಾದ ಹರಿವಿಗೆ ಸೆಕೆಂಡಿಗೆ ನಾಲ್ಕೈದು ಹೆಜ್ಜೆ ಮಾತ್ರ ಬೀಳುತ್ತವೆ. ಮೈಕ್ರೋಸ್ಕೋಪಿನಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ: ಕಣಗಳು ಜಗ್ಗಿ ನಿಂತು, ಜಗ್ಗಿ ನಿಂತು ಸಾಗುತ್ತವೆ. ಪ್ರತಿ ಜಗ್ಗಿನಲ್ಲೂ ಎಳೆತ ಲೆಕ್ಕಕ್ಕಿಂತ ಮೇಲೇರಿ ಮತ್ತೆ ಇಳಿಯುತ್ತದೆ. ಸರಾಸರಿ ಸರಿಯಿದ್ದರೂ ಬಿಗಿಯನ್ನು ಅಳೆಯುವ ಪ್ರಯೋಗಕ್ಕೆ ಆ ಸರಾಸರಿಯಿಂದ ಪ್ರಯೋಜನವಿಲ್ಲ.

ಪರಿಹಾರ ಹಾರ್ಡ್‌ವೇರ್ ಅಂಗಡಿಯಲ್ಲೇ ಇತ್ತು. ಲೀಡ್ ಸ್ಕ್ರೂ ತೆಗೆದು 5 ಮಿಲಿಮೀಟರ್‌ನ ಮಾಮೂಲಿ ಥ್ರೆಡ್ ರಾಡ್ ಹಾಕಿದೆ. ಅದು ಒಂದು ಸುತ್ತಿಗೆ ಸಾಗುವುದು 0.8 ಮಿಲಿಮೀಟರ್ ಮಾತ್ರ. ಅದೇ ಹರಿವಿಗೆ ಈಗ ಸೆಕೆಂಡಿಗೆ 44 ಹೆಜ್ಜೆ, ಒಂದೊಂದು ಹೆಜ್ಜೆಗೂ 0.05 ಮೈಕ್ರೋಲೀಟರ್‌ಗಿಂತ ಕಡಿಮೆ. ಜಗ್ಗಾಟ ಕಣ್ಣಿಗೆ ಕಾಣದಷ್ಟು ತಗ್ಗಿತು. ನಟ್ಟಿನ ಸಡಿಲಿಕೆಯನ್ನು ತೆಗೆಯಲು ಎರಡು ನಟ್ಟುಗಳ ನಡುವೆ ಒಂದು ಸ್ಪ್ರಿಂಗ್. ಹರಿವು ನಿಜವಾಗಿ ಎಷ್ಟಿದೆ ಎಂದು ತಕ್ಕಡಿಯಲ್ಲಿ ನೋಡುವುದೇ ಒಳ್ಳೆಯದು: ಹತ್ತು ನಿಮಿಷ ಓಡಿಸಿ ಎಷ್ಟು ಗ್ರಾಂ ಸಾಗಿತು ಎಂದು ತೂಗಿದರೆ ಸಾಕು.

ಸಿರಿಂಜು ತಳ್ಳಬಾರದು, ಎಳೆಯಬೇಕು. ಕಣಗಳನ್ನು ಸಿರಿಂಜಿನಲ್ಲಿ ತುಂಬಿ ತಳ್ಳಿದರೆ ಅವು ಒಳಗೇ ತಳ ಸೇರುತ್ತವೆ, ಹೊರಗೆ ಬರುವುದು ಬರೀ ನೀರು. ಕಣಗಳಿರುವ ಟ್ಯೂಬು ಒಳಹೋಗುವ ತುದಿಯಲ್ಲಿರಲಿ, ಅದನ್ನು ಆಗಾಗ ಮೆಲ್ಲಗೆ ಅಲ್ಲಾಡಿಸಬಹುದು. ಸಿರಿಂಜು ಹೊರಬರುವ ತುದಿಯಿಂದ ಎಳೆದುಕೊಳ್ಳಲಿ. ಇನ್ನೊಂದು ಲಾಭ: ಎಲ್ಲಿಯಾದರೂ ಸಣ್ಣ ತೂತಿದ್ದರೆ ರಕ್ತ ಹೊರಗೆ ಚಿಮ್ಮುವ ಬದಲು ಗಾಳಿ ಒಳಗೆ ಬರುತ್ತದೆ. ಬಳಸಿದ ಸಿರಿಂಜಿನಲ್ಲಿರುವುದೆಲ್ಲ ನೇರ ಬ್ಲೀಚಿಗೆ.

ಗಾಳಿಗುಳ್ಳೆಯ ವಿಷಯದಲ್ಲಿ ಮಾತ್ರ ಕರುಣೆ ಬೇಡ. ಒಂದೇ ಒಂದು ಗುಳ್ಳೆ ಕಾಲುವೆಯಲ್ಲಿ ಹಾದುಹೋದರೆ ಅದರ ಅಂಚು ಅಂಟಿದ ಕಣಗಳನ್ನೆಲ್ಲ ಬಳಿದುಕೊಂಡು ಹೋಗುತ್ತದೆ, ಆ ಓಟವನ್ನು ಬಿಸಾಡಬೇಕು. ದ್ರವವನ್ನು ಮೊದಲೇ 37 ಡಿಗ್ರಿಗೆ ಕಾಯಿಸಿಟ್ಟರೆ ಕರಗಿದ ಗಾಳಿ ಪೆಟ್ಟಿಗೆಯೊಳಗೆ ಬಿಡುವ ಬದಲು ಹೊರಗೇ ಬಿಡುತ್ತದೆ. ಒಳತುದಿಗೆ ಆಸ್ಪತ್ರೆಯಲ್ಲಿ ಬಳಸುವ ತ್ರೀ-ವೇ, ಅಂದರೆ ಮೂರು ಬಾಯಿಯ ಸಣ್ಣ ನಲ್ಲಿ, ಹಾಕಿದೆವು. ನಳಿಕೆಯಲ್ಲಿ ಗುಳ್ಳೆ ಬರುವುದು ಕಂಡರೆ ಪಕ್ಕಕ್ಕೆ ತಿರುಗಿಸಿ ಬಿಡಬಹುದು. ಶಾಖಕ್ಕೆ ಕೋಳಿಮರಿ ಇನ್‌ಕ್ಯುಬೇಟರ್‌ಗೆ ಹಾಕುವ ಥರ್ಮೋಸ್ಟಾಟ್ ಮತ್ತು ಒಂದು ಹೀಟರ್ ಪ್ಯಾಡ್. ಅದರಲ್ಲಿ ಹೇಳುವಂಥದ್ದೇನಿಲ್ಲ.

ಸಕ್ಕರೆಯನ್ನು ತಳಕ್ಕೆ ನಿಲ್ಲಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಮೋಟರಲ್ಲ, ಇದು.

ಕಾಂಡ್ರಾಯ್ಟಿನ್ ಸಲ್ಫೇಟ್ ಅಂದರೆ ಎರಡು ಸಕ್ಕರೆಗಳ ಜೋಡಿ ಮತ್ತೆ ಮತ್ತೆ ಬರುವ ಸರಪಳಿ: ಒಂದು ಗ್ಲುಕುರಾನಿಕ್ ಆಮ್ಲ, ಇನ್ನೊಂದು ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್. ಎರಡನೆಯದರ 4ನೇ ಇಂಗಾಲಕ್ಕೆ ಸಲ್ಫೇಟ್ ಕೂತಿದ್ದರೆ ಎ, 6ನೇ ಇಂಗಾಲಕ್ಕೆ ಕೂತಿದ್ದರೆ ಸಿ. ಇಷ್ಟು ಸಣ್ಣ ವ್ಯತ್ಯಾಸ, ಆದರೆ ಮಾಸಿಗೆ ಅಂಟುವ ಕಣ ಎ ಅನ್ನು ಹಿಡಿಯುತ್ತದೆ, ಸಿ ಅನ್ನು ಬಿಟ್ಟು ಹೋಗುತ್ತದೆ. ಇದರ ಒಳಹೊಕ್ಕು ನೋಡಿದವರಲ್ಲಿ ಡಿ. ಚನ್ನೇಗೌಡರ ಗುಂಪು ಮುಖ್ಯವಾದದ್ದು. 2000ದಲ್ಲಿ ಅವರು ಅಮೆರಿಕದಿಂದ ಪ್ರಕಟಿಸಿದ ಎರಡು ಕೆಲಸಗಳನ್ನು ನಾವು ಟೇಬಲ್ಲಿನ ಮೇಲೇ ಇಟ್ಟುಕೊಂಡಿದ್ದೆವು. ಒಂದರಲ್ಲಿ ಮೊದಲ ಹೆಸರು ಆಮೇಲೆ ಕುವೆಂಪು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ರಾಜೇಶ್ವರ ಅಚೂರ್ ಅವರದು. ಮಾಸಿನಲ್ಲಿ ತಾಯಿಯ ರಕ್ತ ಹರಿಯುವ ಜಾಗದ ಸಕ್ಕರೆಯಲ್ಲಿ ಸಲ್ಫೇಟ್ ತೀರಾ ಕಡಿಮೆ, ಕಣ ಅಂಟುವುದು ಅಂಥದ್ದಕ್ಕೇ ಎಂದು ಅದು ತೋರಿಸಿತು. ಇನ್ನೊಂದು, ಹಿಡಿತಕ್ಕೆ ಕನಿಷ್ಠ 12 ಸಕ್ಕರೆಗಳ ತುಂಡು ಬೇಕು, ಅದರ ಆರು ಜೋಡಿಗಳಲ್ಲಿ ಎರಡು ಮೂರಕ್ಕೆ ಮಾತ್ರ ಸಲ್ಫೇಟ್ ಇದ್ದರೆ ಸಾಕು ಎಂದಿತು. ಅಂದರೆ ಅಂಗಡಿಯಲ್ಲಿ ಸಿಗುವ, ದನದ ಶ್ವಾಸನಾಳದಿಂದ ತೆಗೆದ ಸಿಎಸ್‌ಎ ಮಾಸಿನದಕ್ಕೆ ಹತ್ತಿರದ್ದೇ ಹೊರತು ಅದೇ ಅಲ್ಲ. ಇದನ್ನು ನಮ್ಮ ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದೇವೆ.

ಸರಪಳಿಯ ತುಂಬ ಋಣ ವಿದ್ಯುದಂಶ, ನೀರೆಂದರೆ ಪ್ರಾಣ. ಬರೀ ಪ್ಲಾಸ್ಟಿಕ್ಕಿಗೆ ಬಳಿದರೆ ನಿಂತ ಡಿಶ್‌ನಲ್ಲಿ ಒಂದಿಷ್ಟು ಉಳಿಯುತ್ತದೆ, ಹರಿವಿನಲ್ಲಿ ಮೆಲ್ಲಗೆ ಬಿಟ್ಟುಹೋಗುತ್ತದೆ. ಆಗ ಕಣ ಕಳಚಿದ್ದು ಸಕ್ಕರೆಯಿಂದಲೋ, ಸಕ್ಕರೆ ಸಮೇತ ಪ್ಲಾಸ್ಟಿಕ್ಕಿನಿಂದಲೋ ಹೇಳಲು ಬರುವುದಿಲ್ಲ. ಧನ ವಿದ್ಯುದಂಶವಿರುವ ಪಾಲಿಲೈಸಿನ್ ಬಳಿದು ಅದರ ಮೇಲೆ ಸಕ್ಕರೆ ಕೂರಿಸುವುದು ಸುಲಭದ ದಾರಿ. ಧನಕ್ಕೆ ಋಣ ಗಟ್ಟಿಯಾಗಿ ಕೂರುತ್ತದೆ. ಆದರೆ ಕೆಂಪು ರಕ್ತಕಣದ ಮೈಯೂ ಋಣವೇ. ಸಕ್ಕರೆ ಮುಚ್ಚದ ಜಾಗ ಒಂದಿಷ್ಟು ಉಳಿದರೂ ರೋಗವಿಲ್ಲದ ಕಣಗಳೂ ಬಂದು ಕೂರುತ್ತವೆ. ಪರೀಕ್ಷಿಸಿದಾಗ ಆದದ್ದೂ ಅದೇ. ಆ ದಾರಿ ಬಿಟ್ಟೆವು.

ನಿಂತದ್ದು ಬಯೋಟಿನ್ ದಾರಿ. ಪ್ಲಾಸ್ಟಿಕ್ಕಿನ ಮೇಲೆ, ಬಯೋಟಿನ್ ಎಂಬ ಸಣ್ಣ ಅಣುವನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ರೋಟೀನಿನ ಪದರ, ಉಳಿದ ಜಾಗಕ್ಕೆ ಆಲ್ಬುಮಿನ್, ಅದರ ಮೇಲೆ ತುದಿಗೆ ಬಯೋಟಿನ್ ಕಟ್ಟಿದ ಸಿಎಸ್‌ಎ. ಬಯೋಟಿನ್ ಸರಪಳಿಯ ಒಂದು ತುದಿಗೆ ಮಾತ್ರ ಇರುವುದು ಮುಖ್ಯ. ಮಧ್ಯೆ ಮಧ್ಯೆ ಕಟ್ಟಿದರೆ ಕಣ ಹಿಡಿಯಬೇಕಾದ 12 ಸಕ್ಕರೆಯ ಜಾಗವೇ ಕೆಡಬಹುದು. ತುದಿಯಿಂದ ಕಟ್ಟಿದಾಗ ಸರಪಳಿ ಕೆರೆಯ ತಳದ ಪಾಚಿಯ ಹಾಗೆ ಬುಡ ಊರಿ ನೀರಿನಲ್ಲಿ ಮೇಲಕ್ಕೆ ಚಾಚಿಕೊಂಡಿರುತ್ತದೆ. ಸ್ಟ್ರೆಪ್ಟಾವಿಡಿನ್ ಬದಲಿಗೆ ಅಗ್ಗದ ಅವಿಡಿನ್ ಹಾಕಬಾರದು. ಅದರ ಧನ ವಿದ್ಯುದಂಶ ಮತ್ತೆ ಪಾಲಿಲೈಸಿನ್ ತಾಪತ್ರಯವನ್ನೇ ತರುತ್ತದೆ.

ಓಟ

ಕಣಗಳನ್ನು ಮೇಡಂ ಸಿದ್ಧಪಡಿಸಿದರು. ಓ ಗುಂಪಿನ ರಕ್ತದಲ್ಲಿ ಬೆಳೆಸಿದ ಲ್ಯಾಬ್ ತಳಿ, ಸಿಎಸ್‌ಎ ಬಳಿದ ಡಿಶ್‌ಗೆ ಅಂಟಿದವುಗಳನ್ನೇ ಆರಿಸಿ ಮತ್ತೆ ಮತ್ತೆ ಬೆಳೆಸಿದ್ದು. ಹಾಗೆ ಆರಿಸದೆ ಬಿಟ್ಟರೆ ಪರಾವಲಂಬಿ ಬೇರೆ ವಾರ್ ಜೀನಿಗೆ ಹೊರಳಿಕೊಳ್ಳುತ್ತದೆ, ಅಂಟು ಹೋಗುತ್ತದೆ. ಪಕ್ವವಾದ ಕಣಗಳನ್ನು ಅಯಸ್ಕಾಂತದ ಕಾಲಮ್ಮಿನಿಂದ ಬೇರ್ಪಡಿಸಿದರು: ಪರಾವಲಂಬಿ ಹಿಮೋಗ್ಲೋಬಿನ್ ತಿಂದು ಉಳಿಸುವ ಹಿಮೋಜೋಯಿನ್ ಹರಳಿನಲ್ಲಿರುವ ಕಬ್ಬಿಣದಿಂದಾಗಿ ಅವು ಕಾಲಮ್ಮಿಗೆ ಸಿಕ್ಕಿಕೊಳ್ಳುತ್ತವೆ.

ಮೊದಲ ಓಟದಲ್ಲಿ ಹರಿಯುತ್ತಾ ಅಂಟಿದವು ಬಹಳ ಕಡಿಮೆ. ಕಾರಣ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಕಣ ತಳಕ್ಕಿಳಿಯುವ ವೇಗ ಸೆಕೆಂಡಿಗೆ ಸುಮಾರು 2 ಮೈಕ್ರಾನ್. 182 ಮೈಕ್ರಾನ್ ಇಳಿಯಲು ಒಂದೂವರೆ ನಿಮಿಷ. ನಮ್ಮ ಹರಿವು ಸೆಕೆಂಡಿಗೆ ಸರಾಸರಿ 2 ಮಿಲಿಮೀಟರ್, ಕಾಲುವೆಯ ಉದ್ದ 50. ತಳದ ಹತ್ತಿರ ಇದ್ದವಷ್ಟೇ ಸಕ್ಕರೆ ಮುಟ್ಟುತ್ತವೆ, ಮಿಕ್ಕವು ಮೇಲಿನಿಂದಲೇ ಹೊರಟುಹೋಗುತ್ತವೆ. ಬಿಗಿ ಅಳೆಯಬೇಕಾದರೆ ಕ್ರಮ ಬದಲಿಸಬೇಕು: ಕಣ ತುಂಬಿ, ಹರಿವು ನಿಲ್ಲಿಸಿ, ತಳಕ್ಕಿಳಿಯಲು ಬಿಟ್ಟು, ಆಮೇಲೆ 0.05 ಪ್ಯಾಸ್ಕಲ್‌ನಿಂದ ಹಂತ ಹಂತವಾಗಿ ಏರಿಸಿ ಪ್ರತಿ ಹಂತದಲ್ಲಿ ಅದೇ ಜಾಗದ ಫೋಟೋ ತೆಗೆಯುವುದು. ಎರಡೂ ಬೇರೆ ಬೇರೆ ಪ್ರಶ್ನೆ. ಹರಿವಿನಲ್ಲೇ ಹಿಡಿಯುತ್ತದೆಯೇ ಎಂಬುದು ಒಂದು, ಹಿಡಿದ ಮೇಲೆ ಎಷ್ಟು ಎಳೆತ ತಡೆಯುತ್ತದೆ ಎಂಬುದು ಇನ್ನೊಂದು. ನಾವೀಗ ಎರಡನ್ನೂ ಪ್ರತ್ಯೇಕ ಓಡಿಸುತ್ತೇವೆ, ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಬೆರೆಸುವುದಿಲ್ಲ.

ನಿಲ್ಲಿಸಿ ಬಿಟ್ಟಾಗ ತಳದ ತುಂಬ ಕಣ. ರೋಗವಿಲ್ಲದವು ಬರಿಯ ತಟ್ಟೆಗಳು. ರೋಗದವು ಸ್ವಲ್ಪ ದುಂಡಗೆ, ಒಳಗೆ ಕಂದು ಬಣ್ಣದ ಹಿಮೋಜೋಯಿನ್ ಚುಕ್ಕೆ. ಪಂಪ್ ಶುರುವಾದ ಕೂಡಲೇ ತಟ್ಟೆಗಳೆಲ್ಲ ಒಂದೇ ದಿಕ್ಕಿಗೆ ಹೊರಟವು. ಚುಕ್ಕೆಯವು ನಿಂತವು. ಹರಿಯುವ ತಟ್ಟೆಗಳು ಬಂದು ಬಡಿದರೂ ಕೆಲವು ಕದಲಲಿಲ್ಲ. ಕೆಲವು ಅಲ್ಲೇ ಸ್ವಲ್ಪ ಓಲಾಡಿ, ಎಳೆತ ಏರಿದಂತೆ ಹರಿವಿನ ದಿಕ್ಕಿಗೆ ಚಾಚಿಕೊಂಡವು, ಆಮೇಲೆ ಕಳಚಿದವು. ಪರದೆಯ ಮುಂದೆ ಮೂರು ನಾಲ್ಕು ಜನ ಒತ್ತಿಕೊಂಡು ನಿಂತಿದ್ದೆವು. ಇದೇ ಕಚ್ಚಾಟ ಮಾಸಿನೊಳಗೆ ನಡೆದಾಗ ಒಂದು ಮಗುವಿನ ತೂಕ ಕಡಿಮೆಯಾಗುತ್ತದೆ ಎಂಬುದು ಮನಸ್ಸಿನಲ್ಲಿದ್ದದ್ದರಿಂದ ಯಾರಿಗೂ ಚಪ್ಪಾಳೆ ತಟ್ಟಬೇಕು ಅನ್ನಿಸಲಿಲ್ಲ.

ಕಂಡದ್ದು ಸಕ್ಕರೆಯ ಹಿಡಿತವೇ ಹೌದು ಎನ್ನಲು ನಾಲ್ಕು ಓಟ ಬೇಕು, ಇವಿಲ್ಲದೆ ಯಾವ ಸಂಖ್ಯೆಯನ್ನೂ ನಂಬಬಾರದು ಎಂಬುದು ನನ್ನ ಅಭಿಪ್ರಾಯ. ಸಕ್ಕರೆಯಿಲ್ಲದೆ ಸ್ಟ್ರೆಪ್ಟಾವಿಡಿನ್ ಮತ್ತು ಆಲ್ಬುಮಿನ್ ಮಾತ್ರ ಇರುವ ತಳ: ಯಾರೂ ನಿಲ್ಲಬಾರದು. ಎ ಬದಲು ಸಿ ಇರುವ ತಳ: ಇಲ್ಲೂ ನಿಲ್ಲಬಾರದು, ಅಂಗಡಿಯ ಸರಕು ಪೂರ್ತಿ ಶುದ್ಧವಲ್ಲದ್ದರಿಂದ ಅಲ್ಲೊಂದು ಇಲ್ಲೊಂದು ನಿಂತರೆ ಆಶ್ಚರ್ಯಪಡಬೇಕಿಲ್ಲ. ಎ ಬಳಿದು ಕಾಂಡ್ರಾಯ್ಟಿನೇಸ್ ಎಬಿಸಿ ಕಿಣ್ವದಿಂದ ಸರಪಳಿ ಕತ್ತರಿಸಿದ ತಳ: ಅಂಟು ಹೋಗಬೇಕು. ಕೊನೆಯದು ನನಗೆ ಹೆಚ್ಚು ಇಷ್ಟವಾದದ್ದು: ಕಣಗಳ ಜೊತೆಗೆ ಕರಗಿದ ಸಿಎಸ್‌ಎ ಬೆರೆಸಿ ಓಡಿಸುವುದು. ತಳದಲ್ಲಿ ಏನೂ ಬದಲಾಗಿರುವುದಿಲ್ಲ, ಹರಿವೂ ಅದೇ, ಆದರೆ ಕಣದ ಕೈಗಳು ತೇಲುವ ಸಕ್ಕರೆಯಿಂದಲೇ ತುಂಬಿಹೋಗಿ ತಳವನ್ನು ಹಿಡಿಯಲಾರದೆ ಹೋಗುತ್ತವೆ. ನಮ್ಮ ಪೆಟ್ಟಿಗೆಯಲ್ಲಿ ನಾಲ್ಕೂ ಹೀಗೆಯೇ ಬಂದವು.

ಇವನ್ನೆಲ್ಲ ಒಂದರ ನಂತರ ಒಂದು ಓಡಿಸುವಷ್ಟರಲ್ಲಿ ಕಣಗಳಿಗೆ ವಯಸ್ಸಾಗುತ್ತದೆ. ಬೆಳಿಗ್ಗೆಯ ಕಣ ಮತ್ತು ಸಂಜೆಯ ಕಣ ಒಂದೇ ಅಲ್ಲ, 48 ಗಂಟೆಯ ಸುತ್ತಿನಲ್ಲಿ ಅವು ಮುಂದೆ ಹೋಗಿರುತ್ತವೆ. ಹಾಗಾಗಿ ಈಗ ಕತ್ತರಿಸಲು ಕೊಟ್ಟಿರುವ ಪೆಟ್ಟಿಗೆಯಲ್ಲಿ ಒಂದೇ ತಳದ ಮೇಲೆ ನಾಲ್ಕು ಕಾಲುವೆ, ಪಂಪಿನ ಒಂದೇ ಹಲಗೆಗೆ ನಾಲ್ಕು ಸಿರಿಂಜು. ಮೋಟರಿಗೆ ಶಕ್ತಿ ಸಾಕು, ಥ್ರೆಡ್ ರಾಡ್ ಎರಡು ಬೇಕಾಗುತ್ತದೆ, ಇಲ್ಲದಿದ್ದರೆ ಹಲಗೆ ಓರೆಯಾಗಿ ಸಿರಿಂಜುಗಳ ನಡುವೆ ವ್ಯತ್ಯಾಸ ಬರುತ್ತದೆ. ಟೇಪಿನ ಬದಲು ಸಿಲಿಕೋನ್ ಹಾಳೆ ಹಾಕಿ ಎತ್ತರ ಕುಗ್ಗದಂತೆ ಮಧ್ಯೆ ಲೋಹದ ಶಿಮ್ (ತೆಳು ತಗಡು) ಇಡುವ ಯೋಚನೆಯಿದೆ. ನಾಲ್ಕೂ ಕಾಲುವೆಗಳ ಎತ್ತರ ಐದು ಮೈಕ್ರಾನ್‌ನೊಳಗೆ ಸಮ ಬಂದರೆ ಮಾತ್ರ ಪ್ರತಿಕಾಯಗಳ ಕೆಲಸಕ್ಕೆ ಕೈ ಹಾಕುತ್ತೇವೆ.